ಕೊಳ್ಳಾಗ ಹಪ್ಪಳ ಕಟ್ಟಿಕೊಂಡ ಮುದುಕಪ್ಪ

ತಿರ್ಲಾಪುರದ ನಮ್ಮ ಮನೆಯ ಪಡಸಾಲೆಯಲ್ಲಿ ಒಬ್ಬ ಡಚ್ ಮುದುಕ ನಲವತ್ತು ವರ್ಷಕ್ಕೂ ಮೇಲ್ಪಟ್ಟು ಕೂತಿದ್ದಾನೆ. ಮೈತುಂಬ ಕರಿ ನಿಲುವಂಗಿ, ತಲೆಗಂಟಿದ ಕರಿ ಟೊಪ್ಪಿಗೆ, ಎದೆಯ ಮೇಲೆ ಒಂದು ಕೈ, ಕೊರಳ ಸುತ್ತ ಸಾವಿರ ನಿರಿಗೆಯ ಬಿಳಿ ಪಟ್ಟಿ. ಧಾರವಾಡದಲ್ಲಿ ಚಿತ್ರಕಲೆ ಕಲಿಯುವಾಗ ರದ್ದಿ ಅಂಗಡಿಯಲ್ಲಿ ಸಿಕ್ಕ ವಿದೇಶಿ ಪತ್ರಿಕೆಯ ಹಾಳೆಯೊಂದನ್ನು ಎದುರಿಗಿಟ್ಟುಕೊಂಡು, ಚೌಕ ಹಾಕಿ, ಮೂರು ತಿಂಗಳು ಕೂತು ನಾನು ಬರೆದ ನಕಲು ಅದು. ಊರಿಗೆ ತಂದು ಮೊಳೆಗೆ ತೂಗು ಹಾಕಿದ ದಿನ ನಮ್ಮ ಆಯಿ ಸೆರಗಿನಿಂದ ಕಣ್ಣು ಒರೆಸಿಕೊಂಡು ಹತ್ತಿರ ಹೋಗಿ ನೋಡಿದಳು.

“ಯಾರೋ ತಮ್ಮಾ ಈ ಮುದುಕಪ್ಪ? ಕೊಳ್ಳಾಗ ಯಾಕ ಹಪ್ಪಳ ಕಟಗೊಂಡ ಕುಂತಾನ?”

ಅಂದಿನಿಂದ ಅವನ ಹೆಸರು ಹಪ್ಪಳದ ಮುದುಕಪ್ಪ. ದೀಪಾವಳಿಗೆ ಮನೆ ಸುಣ್ಣ ಹಚ್ಚುವಾಗ ಆಯಿ ಎಲ್ಲರಿಗಿಂತ ಮೊದಲು ಅವನನ್ನೇ ಇಳಿಸಿ, ಹಳೆಯ ಧೋತರದಲ್ಲಿ ಸುತ್ತಿ ದೇವರ ಕೋಣೆಯಲ್ಲಿ ಇಡುತ್ತಿದ್ದಳು. ಅವನ ನಿಜವಾದ ಹೆಸರು ಯೊಹಾನ್ನೆಸ್ ಊಟೆನ್‌ಬೋಗಾರ್ಟ್. ವೃತ್ತಿಯಲ್ಲಿ ಧರ್ಮಬೋಧಕ. ಅವನಿಗೆ 76 ವರ್ಷವಾದಾಗ, 1633ರಲ್ಲಿ, ಆಗಿನ್ನೂ ಇಪ್ಪತ್ತಾರರ ಹರೆಯದ ರೆಂಬ್ರಾಂಟ್ ಅವನನ್ನು ಎದುರಿಗೆ ಕೂಡಿಸಿಕೊಂಡು ಬರೆದ ಚಿತ್ರ. ಮೂಲ ಇರುವುದು ಆ್ಯಮ್‌ಸ್ಟರ್‌ಡ್ಯಾಮಿನ ರೈಕ್ಸ್ ಮ್ಯೂಸಿಯಮ್ಮಿನಲ್ಲಿ. ಇಷ್ಟೆಲ್ಲ ತಿಳಿದದ್ದು ಬಹಳ ತಡವಾಗಿ, ಮಗಳು ಅಳಿಯನ ಜೊತೆ ಆ್ಯಮ್‌ಸ್ಟೆಲ್‌ವೇನಿಗೆ ಹೋಗಿ ನೆಲೆಸಿದ ಮೇಲೆ. ಒಂದು ದಿನ ಫೋನ್ ಮಾಡಿ ಅಂದಳು: “ಅಪ್ಪಾ, ನಮ್ಮ ಮುದುಕಪ್ಪ ಇಲ್ಲೇ ಅದಾನ. ಬರ್ರಿ, ಭೆಟ್ಟಿ ಮಾಡಸ್ತೀನಿ.”

ಹೊರಟೆ. ಮನೆಯವಳು ನಲವತ್ತು ಕಟಕ ರೊಟ್ಟಿ, ಶೇಂಗಾ ಹಿಂಡಿ, ಒಂದು ಡಬ್ಬಿ ಅಗಸಿ ಹಿಂಡಿ ಕಟ್ಟಿಕೊಟ್ಟಳು. ರೊಟ್ಟಿ ಮುರಿಯದಂತೆ ಮೇಲೊಂದು ಕೆಳಗೊಂದು ಸ್ಟೀಲ್ ತಾಟು ಇಟ್ಟು ಬಿಗಿದಿದ್ದಳು. ಬೆಂಗಳೂರಿನ ವಿಮಾನ ನಿಲ್ದಾಣದ ಯಂತ್ರದಲ್ಲಿ ಆ ಗಂಟು ಏನಾಗಿ ಕಂಡಿತೋ, ತಪಾಸಣೆಯವರು ಪ್ರತಿಯೊಂದು ರೊಟ್ಟಿಯನ್ನೂ ಎಣಿಸಿದಂತೆ ನೋಡಿ ಕಳಿಸಿದರು. ಅಗಸಿ ಹಿಂಡಿಯ ಡಬ್ಬಿ ಮುಂದೆ ನನಗೆ ಎಂಥ ಬಾಗಿಲು ತೆರೆಯಲಿದೆ ಎಂಬುದು ಆಗ ತಿಳಿದಿರಲಿಲ್ಲ.

ವಿಮಾನ ಇಳಿಯುವಾಗ ಕಿಟಕಿಯಿಂದ ನೋಡುತ್ತೇನೆ: ನೆಲವೆಲ್ಲ ಅಂಗೈಯಷ್ಟು ಸಪಾಟು. ಒಂದು ಗುಡ್ಡವಿಲ್ಲ, ಒಂದು ದಿನ್ನೆಯಿಲ್ಲ. ನಮ್ಮ ಯರಿ ಸೀಮೆಯ ಹಾಗೇ! ನವಲಗುಂದದ ಗುಡ್ಡವೊಂದನ್ನು ಬಿಟ್ಟರೆ ನಮ್ಮಲ್ಲೂ ಕಣ್ಣಿಗೆ ಅಡ್ಡ ಬರುವುದು ಏನೂ ಇಲ್ಲ. ಕಡ್ಲಿ, ಜೋಳ, ಹತ್ತಿಯ ಹೊಲಗಳು ಆಕಾಶದ ಅಂಚಿನ ತನಕ ಹಾಸಿಕೊಂಡಿರುತ್ತವೆ. ವ್ಯತ್ಯಾಸ ನೀರಿನದು. ಇಲ್ಲಿ ಹೊಲ ಹೊಲಕ್ಕೂ ಕಾಲುವೆ, ಕಾಲುವೆಯಲ್ಲಿ ಮೋಡ. ಸ್ಕಿಪೋಲ್ ವಿಮಾನ ನಿಲ್ದಾಣವೇ ಒಂದು ಕಾಲದಲ್ಲಿ ದೊಡ್ಡ ಸರೋವರದ ತಳ. 1852ರ ಹೊತ್ತಿಗೆ ಉಗಿಯಂತ್ರ ಹಚ್ಚಿ ಅಷ್ಟೂ ನೀರನ್ನು ಹೊರಗೆ ಎತ್ತಿ ಹಾಕಿದ್ದಾರೆ. ನಿಲ್ದಾಣ ಈಗಲೂ ಸಮುದ್ರಮಟ್ಟಕ್ಕಿಂತ ಸುಮಾರು 3 ಮೀಟರ್ ಕೆಳಗಿದೆ. ಮಹದಾಯಿಯ ನೀರು ಮಲಪ್ರಭೆಗೆ ಬರಲಿ ಎಂದು ನವಲಗುಂದದ ಪೆಂಡಾಲಿನಲ್ಲಿ ವರ್ಷಗಟ್ಟಲೆ ಕೂತ ರೈತರ ಮುಖಗಳು ಕಣ್ಣ ಮುಂದೆ ಬಂದವು. ಇಲ್ಲಿಯವರು ಶತಮಾನಗಳಿಂದ ನೀರನ್ನು ಹೊರಗೆ ಹಾಕಲು ಬಡಿದಾಡಿದ್ದಾರೆ, ನಾವು ಒಳಗೆ ತರಲು. ಎರಡೂ ಕಡೆಯ ನೆಲ ಮಾತ್ರ ಅಕ್ಕತಂಗಿಯರ ಹಾಗೆ ಕಾಣುತ್ತದೆ.

ಮೊದಲ ದಿನ ಮ್ಯೂಸಿಯಮ್ಮಿಗೆ ಟಿಕೆಟ್ ಸಿಗಲಿಲ್ಲ. ದಿನ, ಹೊತ್ತು ಎರಡನ್ನೂ ಮೊದಲೇ ಗೊತ್ತು ಮಾಡಿಕೊಳ್ಳಬೇಕಂತೆ. “ಗಾಳಿ ಗಿರಣಿ ನೋಡೂಣು ಬರ್ರಿ” ಎಂದು ಮಗಳು ಜಾನ್ಸ್ ಸ್ಕಾನ್ಸ್ ಎಂಬಲ್ಲಿಗೆ ಕರೆದುಕೊಂಡು ಹೋದಳು. ನದಿಯ ದಂಡೆಯ ಮೇಲೆ ಸಾಲಾಗಿ ಗಿರಣಿಗಳು. ಗಾಳಿಯೋ, ಗಾಳಿ! ನಮ್ಮಲ್ಲಿ ಆಷಾಢದ ಗಾಳಿ ಎನ್ನುತ್ತೇವಲ್ಲ, ಅದು ಇಲ್ಲಿ ಏಪ್ರಿಲ್ಲಿನಲ್ಲಿ, ಮಂಜುಗಡ್ಡೆ ಕಟ್ಟಿಕೊಂಡು ಬೀಸುತ್ತದೆ. ಮಫ್ಲರಿನ ಮೇಲೆ ಮಫ್ಲರು ಸುತ್ತಿದರೂ ಕಿವಿ ಇದ್ದಲ್ಲಿ ಇದೆಯೋ ಇಲ್ಲವೋ ತಿಳಿಯದು.

ಗಿರಣಿ ಎಂದರೆ ಹಿಟ್ಟು ಬೀಸುವುದೇ ಇರಬೇಕು ಎಂದುಕೊಂಡು ಒಂದರ ಒಳಗೆ ಕಾಲಿಟ್ಟೆ. ಕಾಲಿಟ್ಟ ಕೂಡಲೇ ಮೂಗಿಗೆ ಬಡಿದ ವಾಸನೆಗೆ ನಿಂತುಬಿಟ್ಟೆ. ಅದು ನಮ್ಮ ಅಡಿಗೆ ಮನೆಯ ವಾಸನೆ! ಹಂಚಿನ ಮೇಲೆ ಅಗಸಿ ಹುರಿಯುವಾಗ ಚಟಪಟ ಸಿಡಿದು ಮನೆಯೆಲ್ಲ ತುಂಬುವ ಆ ಕಮಟು ಕಂಪು. ಗಿರಣಿ ಹಿಟ್ಟಿನದಲ್ಲ, ಎಣ್ಣೆಯ ಗಾಣ. ಎತ್ತಿನ ಬದಲು ಗಾಳಿ ಕಟ್ಟಿದ ಗಾಣ. ಆಳೆತ್ತರದ ಎರಡು ಕಲ್ಲಿನ ಗಾಲಿಗಳು ಒಂದರ ಹಿಂದೊಂದು ಉರುಳುತ್ತ ಕಾಳು ಅರೆಯುತ್ತಿವೆ. ಅರೆದದ್ದನ್ನು ಒಲೆಯ ಮೇಲಿನ ಬಾಣಲೆಯಲ್ಲಿ ಬಿಸಿ ಮಾಡುತ್ತಾರೆ. ಉಣ್ಣೆಯ ಚೀಲಕ್ಕೆ ತುಂಬುತ್ತಾರೆ. ಚೀಲವನ್ನು ಹಲಗೆಗಳ ನಡುವೆ ಇಟ್ಟು ಬೆಣೆ ಹಾಕುತ್ತಾರೆ. ಆಮೇಲೆ ಮೇಲಿನಿಂದ ತೊಲೆಯಂಥ ಒನಕೆ ಬೆಣೆಯ ಮೇಲೆ ಢಣ್, ಢಣ್ ಎಂದು ಬೀಳುತ್ತದೆ. ಪ್ರತಿ ಏಟಿಗೂ ನೆಲ ನಡುಗುತ್ತದೆ, ಕಿವಿ ಗುಂಯ್ ಎನ್ನುತ್ತದೆ. ಕೆಳಗೆ ಜೇನಿನ ಬಣ್ಣದ ಎಳೆಯೊಂದು ಸದ್ದಿಲ್ಲದೆ ಪಾತ್ರೆಗೆ ಇಳಿಯುತ್ತದೆ.

ಗಾಣದ ಹಿರಿಯನೊಬ್ಬ ಹತ್ತಿರ ಬಂದು ಅಂಗೈಯಲ್ಲಿ ಕಾಳು ತೋರಿಸಿದ. ಕಂದು ಬಣ್ಣ, ಮಿರಿಮಿರಿ ಹೊಳಪು, ಚಪ್ಪಟೆ. “ಲೈನ್‌ಜಾತ್” ಅಂದ. ನಾನು ಕೈಚೀಲದಿಂದ ಡಬ್ಬಿ ತೆಗೆದು, ಮುಚ್ಚಳ ಬಿಚ್ಚಿ ಅವನ ಮೂಗಿನ ಹತ್ತಿರ ಹಿಡಿದೆ. ಬೆಳ್ಳುಳ್ಳಿ, ಬ್ಯಾಡಗಿ ಮೆಣಸಿನಕಾಯಿ, ಉಪ್ಪು, ಅವುಗಳ ಕೆಳಗೆ ಅದೇ ಕಾಳು. ಅವನ ಹುಬ್ಬು ಮೇಲೇರಿತು. ಚಿಟಿಕೆ ತೆಗೆದು ನಾಲಿಗೆಗೆ ಹಚ್ಚಿಕೊಂಡ, ಕಣ್ಣಲ್ಲಿ ನೀರು ತುಂಬಿಕೊಂಡ, ಇನ್ನೊಂದು ಚಿಟಿಕೆ ಕೇಳಿದ. ಮಗಳು ನಡುವೆ ನಿಂತು ಇಬ್ಬರ ಮಾತನ್ನೂ ದಾಟಿಸುತ್ತಿದ್ದಳು. ಎಣ್ಣೆ ಹಿಂಡಿದ ಮೇಲೆ ಚೀಲದಲ್ಲಿ ಉಳಿಯುವ ಗಟ್ಟಿಯನ್ನು ಏನು ಮಾಡುತ್ತೀರಿ ಎಂದು ಕೇಳಿಸಿದೆ. ದನಕ್ಕೆ, ಅಂದ. ನಾವೂ ದನಕ್ಕೇ ಹಾಕುತ್ತೇವೆ, ಅದಕ್ಕೂ ಹಿಂಡಿ ಅಂತಲೇ ಅನ್ನುತ್ತೇವೆ ಎಂದೆ. ಅವನು ನನ್ನ ಕೈ ಹಿಡಿದು ಬಹಳ ಹೊತ್ತು ಕುಲುಕಿದ.

ಈ ಎಣ್ಣೆಯೇ ಡಚ್ ಚಿತ್ರಗಳ ಜೀವ. ಬಣ್ಣದ ಪುಡಿಯನ್ನು ಇದರಲ್ಲಿ ಅರೆದು ಬಳಿದರೆ ಅದು ಗಾಳಿಯಲ್ಲಿನ ಆಮ್ಲಜನಕವನ್ನು ಹೀರಿಕೊಂಡು ನಿಧಾನವಾಗಿ ಗಟ್ಟಿಯಾಗುತ್ತದೆ, ಗಾಜಿನ ಪರೆಯ ಹಾಗೆ ನಿಲ್ಲುತ್ತದೆ. ಎಲ್ಲ ಎಣ್ಣೆಗೂ ಈ ಗುಣವಿಲ್ಲ. ಹತ್ತು ವರ್ಷದವನಿದ್ದಾಗ ನಾನು ಕುಂಕುಮ, ಅರಿಷಿಣ, ಕಾಡಿಗೆಯನ್ನು ಶೇಂಗಾ ಎಣ್ಣೆಯಲ್ಲಿ ಕಲಸಿ ರಟ್ಟಿನ ಮೇಲೆ ಬಸವಣ್ಣನ ಚಿತ್ರ ಬರೆದಿದ್ದೆ. ಎಂಟು ದಿನ ಕಾದರೂ ಒಣಗಲಿಲ್ಲ. ಬಸವಣ್ಣ ಜಾರಿ ಕೆಳಗೆ ಬಂದಿದ್ದ. ಅದೇ ಅಡಿಗೆ ಮನೆಯ ಮೂಲೆಯಲ್ಲಿ, ನನ್ನ ಮೊಣಕಾಲ ಹತ್ತಿರವೇ, ಅಗಸಿಯ ಡಬ್ಬಿಯಿತ್ತು! ಇನ್ನೂ ಒಂದು ಸೋಜಿಗ ಕೇಳಿ. ರೆಂಬ್ರಾಂಟ್ ಬಳಿದ ಕ್ಯಾನ್ವಾಸು ಲಿನನ್ ಬಟ್ಟೆಯದು, ಲಿನನ್ ಎಂದರೆ ಅಗಸಿ ಗಿಡದ ದಂಟಿನ ನಾರು. ಮುದುಕಪ್ಪನ ಕೊರಳಿನ ಹಪ್ಪಳವೂ ಲಿನನ್ನೇ. ಎಂದರೆ ಗಿಡದ ನಾರಿನ ಮೇಲೆ, ಅದೇ ಜಾತಿಯ ಗಿಡದ ಕಾಳಿನ ಎಣ್ಣೆಯಲ್ಲಿ, ಅದೇ ನಾರಿನ ಅರಿವೆಯ ಚಿತ್ರ. ಹಿಂಗಾರಿ ಜೋಳದ ನಡುವೆ ನೀಲಿ ಹೂ ಬಿಟ್ಟು ನಿಲ್ಲುವ ನಮ್ಮ ಹೊಲದ ಅಗಸಿ ಇಷ್ಟು ದೂರದಲ್ಲಿ ಇಷ್ಟೆಲ್ಲ ಕೆಲಸ ಮಾಡಿದೆ ಎಂದು ನೆನೆದಾಗ ಮೈ ಜುಮ್ಮೆಂದಿತು.

ಪಕ್ಕದ ಗಿರಣಿಯ ಹೆಸರು ‘ಬೆಕ್ಕು’. ಗಾಳಿಯ ಬಲದಿಂದ ಬಣ್ಣದ ಕಲ್ಲು ಅರೆಯುವ ಗಿರಣಿ. ಒಳಗೆ ಎಲ್ಲ ಕಡೆ ಬಣ್ಣದ ಧೂಳು. ತೊಲೆ, ಏಣಿ, ಅರೆಯುವವನ ಹುಬ್ಬು, ಎಲ್ಲಕ್ಕೂ ಕಾವಿ ಬಣ್ಣ. ಗಾಜಿನ ಭರಣಿಗಳಲ್ಲಿ ಸಾಲಾಗಿ ಕೆಮ್ಮಣ್ಣು, ಹಳದಿ ಮಣ್ಣು, ಸೀಮೆಸುಣ್ಣ. ಮನೆ ಸಾರಿಸುವ ಕೆಮ್ಮಣ್ಣಿನ ಗಡಿಗೆಯನ್ನು ನೋಡುತ್ತ ಬೆಳೆದವನಿಗೆ ಇದೂ ಹೊಸದಲ್ಲ. ಒಂದು ಪುಟ್ಟ ಪೊಟ್ಟಣ ಹಳದಿ ಮಣ್ಣು, ಒಂದು ಸೀಸೆ ಎಣ್ಣೆ ಕೊಂಡೆ. ರೊಕ್ಕ ಕೊಡಹೋದರೆ ತೆಗೆದುಕೊಳ್ಳಲಿಲ್ಲ, ಕಾರ್ಡೇ ಬೇಕು. ಶೌಚಾಲಯದ ಬಾಗಿಲಲ್ಲಿ ಮಾತ್ರ ನಾಣ್ಯವೇ ಬೇಕು. ಯಾವುದಕ್ಕೆ ಯಾವುದು ಎಂದು ತಿಳಿಯಲು ನನಗೆ ನಾಲ್ಕು ದಿನ ಹಿಡಿಯಿತು.

ಮರುದಿನ ರೆಂಬ್ರಾಂಟನ ಮನೆ. 1639ರಲ್ಲಿ 13,000 ಗಿಲ್ಡರಿಗೆ ಕೊಂಡು, ಸಾಲ ತೀರಿಸಲಾಗದೆ, 1656ರಲ್ಲಿ ದಿವಾಳಿಯಾಗಿ ಕಳೆದುಕೊಂಡ ಮನೆ. ಮೆಟ್ಟಿಲುಗಳು ಅಟ್ಟಕ್ಕೆ ಏಣಿ ಹಾಕಿದ ಹಾಗೆ ಕಡಿದು. ಹಗ್ಗ ಹಿಡಿದು ಏರಬೇಕು. ಗೋಡೆಯ ಕಪಾಟಿನೊಳಗೆ ಮಂಚ. ಕಾಲು ಚಾಚಿ ಮಲಗುವಷ್ಟು ಉದ್ದವಿಲ್ಲ, ಅರ್ಧ ಕೂತೇ ನಿದ್ದೆ ಮಾಡುತ್ತಿದ್ದರಂತೆ. ಅಂಗಳದಲ್ಲಿ ಬೇಸಿಗೆಯ ರಾತ್ರಿ ಹೊರಸು ಹಾಕಿ ಕೈಕಾಲು ಚೆಲ್ಲಿ ಮಲಗುವ ನಮಗೆ ಇದನ್ನು ನೋಡಿಯೇ ಬೆನ್ನು ಹಿಡಿಯುತ್ತದೆ.

ಮೇಲಿನ ಅಂತಸ್ತಿನಲ್ಲಿ ಚಿತ್ರಶಾಲೆ. ಉತ್ತರದ ಕಿಟಕಿಯಿಂದ ಹಾಲಿನಂಥ ಬೆಳಕು. ಒಬ್ಬ ಹುಡುಗಿ ಕಲ್ಲಿನ ಮೇಲೆ ಬಣ್ಣ ಅರೆದು ತೋರಿಸುತ್ತಿದ್ದಾಳೆ. ಯಾರಾದರೂ ಕೈ ಹಚ್ಚುತ್ತೀರಾ ಎಂದಾಗ ನಾನು ಮುಂದೆ ಬಂದೆ. ಪುಡಿಯ ನಡುವೆ ಗುಳಿ ಮಾಡಿ, ಎಣ್ಣೆ ಹನಿಸಿ, ಬುಡ ಸಪಾಟಾದ ಗುಂಡನ್ನು ಎಂಟರ ಆಕಾರದಲ್ಲಿ ತಿರುವಬೇಕು. ಮೊದಲು ಕರಕರ ಸದ್ದು, ಮರಳು ತುಳಿದ ಹಾಗೆ. ಹತ್ತು ನಿಮಿಷಕ್ಕೆ ಸದ್ದು ಮೆತ್ತಗಾಗುತ್ತದೆ. ಕೊನೆಗೆ ಸದ್ದೇ ಇಲ್ಲ, ಬೆಣ್ಣೆ. ರುಬ್ಬುಗುಂಡಿನಲ್ಲಿ ಖಾರ ಅರೆಯುವಾಗ ನಮ್ಮ ಹೆಣ್ಣುಮಕ್ಕಳು ಕಣ್ಣಿನಿಂದ ನೋಡುವುದಿಲ್ಲ, ಕಿವಿಯಿಂದಲೇ ಹದ ತಿಳಿಯುತ್ತಾರೆ. ಇಲ್ಲಿಯೂ ಅದೇ ವಿದ್ಯೆ.

ಹಪ್ಪಳದ ಆ ಬಿಳುಪು ಎಲ್ಲಿಂದ ಬಂತು ಎಂದು ಅವಳನ್ನೇ ಕೇಳಿದೆ. ಹೇಳಿದ್ದನ್ನು ಕೇಳಿ ಬಾಯಿ ತೆರೆದುಕೊಂಡು ನಿಂತೆ. ಸೀಸದ ತಗಡಿನ ಸುರುಳಿಯನ್ನು ಮಣ್ಣಿನ ಗಡಿಗೆಯಲ್ಲಿ ಇಟ್ಟು, ಕೆಳಗೆ ಹುಳಿ ವಿನೆಗರ್ ಸುರಿದು, ಅಂಥ ನೂರಾರು ಗಡಿಗೆಗಳನ್ನು ಕುದುರೆಯ ಲದ್ದಿಯಲ್ಲಿ ಹೂಳುತ್ತಿದ್ದರಂತೆ. ಲದ್ದಿಯ ಕಾವು, ಹುಳಿಯ ಆವಿ, ಕೊಳೆಯುವಾಗ ಏಳುವ ಗಾಳಿ, ಮೂರೂ ಸೇರಿ ತಿಂಗಳುಗಟ್ಟಲೆ ತಗಡನ್ನು ತಿನ್ನುತ್ತವೆ. ಗಡಿಗೆ ತೆರೆದಾಗ ಕರಿ ಸೀಸ ಬೆಳ್ಳಗೆ ಅರಳಿರುತ್ತದೆ. ಜಗತ್ತು ಇದನ್ನು ಡಚ್ ಪದ್ಧತಿ ಎಂದೇ ಕರೆಯಿತು. ವಿಷ, ಅದನ್ನು ತಯಾರಿಸಿದ ಕೂಲಿಗಳ ಕೈಕಾಲು, ಹೊಟ್ಟೆ ಹಾಳಾಗುತ್ತಿದ್ದವು. ಶ್ರೀಮಂತರ ಕೊರಳಿನ ಶುಭ್ರತೆಯ ಹಿಂದೆ ಹೆಸರಿಲ್ಲದ ಎಷ್ಟು ಜನರ ಮೈ ಸವೆದಿದೆಯೋ, ಯಾವ ಚೌಕಟ್ಟಿನ ಕೆಳಗೂ ಅದನ್ನು ಬರೆದಿಲ್ಲ.

ಇನ್ನೊಂದು ಗುಟ್ಟು ತಿಳಿದದ್ದೂ ಇದೇ ಮನೆಯಲ್ಲಿ. ಸಾಲದ ಆ ವರ್ಷಗಳಲ್ಲಿ, 1656ರಿಂದ 1661ರ ಸುಮಾರಿಗೆ, ರೆಂಬ್ರಾಂಟ್ ಕೂತು ನಕಲು ಮಾಡಿದ್ದು ಯಾವ ಚಿತ್ರಗಳನ್ನು ಗೊತ್ತೇ? ನಮ್ಮವನ್ನು! ಡಚ್ ವ್ಯಾಪಾರಿಗಳ ಹಡಗಿನಲ್ಲಿ ಬಂದ ಮೊಗಲ್ ಕಿರುಚಿತ್ರಗಳನ್ನು ಎದುರಿಗಿಟ್ಟುಕೊಂಡು, ಏಷ್ಯಾದಿಂದಲೇ ಬಂದ ನಯವಾದ ಕಾಗದದ ಮೇಲೆ ಷಹಜಹಾನನನ್ನೂ ಜಹಾಂಗೀರನನ್ನೂ ಬರೆದ. ಅಂಥ ಇಪ್ಪತ್ತಕ್ಕೂ ಹೆಚ್ಚು ರೇಖಾಚಿತ್ರಗಳು ಉಳಿದಿವೆ. ಆಗ ಅವನಿಗೆ ಐವತ್ತು ದಾಟಿತ್ತು, ಯುರೋಪಿನಲ್ಲೆಲ್ಲ ಹೆಸರಿತ್ತು. ಆದರೂ ಹೆಸರು ಗೊತ್ತಿಲ್ಲದ ಒಬ್ಬ ಹಿಂದುಸ್ತಾನಿ ಕಲಾವಿದನ ರೇಖೆಯ ಹಿಂದೆ ವಿದ್ಯಾರ್ಥಿಯ ಹಾಗೆ ನಡೆದ. ನಕಲು ಎಂಬ ಮಾತನ್ನು ನಮ್ಮಲ್ಲಿ ಪರೀಕ್ಷೆಯ ಕಳ್ಳತನಕ್ಕೆ ಬಳಸಿ ಬಳಸಿ ಕೆಡಿಸಿದ್ದೇವೆ. ಧಾರವಾಡದಲ್ಲಿ ಡಿ.ವಿ. ಹಾಲಭಾವಿಯವರು ಕಟ್ಟಿದ ಪರಂಪರೆಯಲ್ಲಿ ಕಲಿತವರಿಗೆ ಗೊತ್ತು, ದೊಡ್ಡವರ ಚಿತ್ರವನ್ನು ಕೈಯಿಂದ ನಕಲು ಮಾಡುವುದೆಂದರೆ ಅವರ ಎದುರು ಕೂತು ಪಾಠ ಹೇಳಿಸಿಕೊಂಡ ಹಾಗೆ.

ಮೂರನೆಯ ದಿನ ರೈಕ್ಸ್ ಮ್ಯೂಸಿಯಮ್. 1885ರ ಕಟ್ಟಡ, ಅರಮನೆಯಷ್ಟು ದೊಡ್ಡದು, ಅದರ ಹೊಟ್ಟೆಯೊಳಗಿಂದಲೇ ಒಂದು ರಸ್ತೆ! ಸೈಕಲ್ಲುಗಳು ಟಿಣ್ ಟಿಣ್ ಎನ್ನುತ್ತ ಮ್ಯೂಸಿಯಮ್ಮಿನ ಕೆಳಗೆ ಹಾಯ್ದು ಹೋಗುತ್ತವೆ. ಕಮಾನಿನ ಚಂದ ನೋಡುತ್ತ ನಡುವೆ ನಿಂತಿದ್ದ ನನ್ನನ್ನು ಮಗಳು ತೋಳು ಹಿಡಿದು ಎಳೆಯದಿದ್ದರೆ, ಮಗುವನ್ನು ಮುಂದಿನ ಪೆಟ್ಟಿಗೆಯಲ್ಲಿ ಕೂಡಿಸಿಕೊಂಡು ಬಂದ ತಾಯಿಯೊಬ್ಬಳು ಹಾಯ್ದೇಬಿಡುತ್ತಿದ್ದಳು.

ಎರಡನೆಯ ಮಹಡಿ. ಒಂದು ಕೋಣೆ, ಇನ್ನೊಂದು ಕೋಣೆ. ಗೋಡೆಯ ತುಂಬ ಕರಿ ಬಟ್ಟೆಯವರು ನನ್ನನ್ನೇ ನೋಡುತ್ತಿದ್ದಾರೆ. ತಿರುವಿನಲ್ಲಿ ಮಗಳು ನಿಂತು, ಏನೂ ಹೇಳದೆ, ಕೈ ಮಾಡಿ ತೋರಿಸಿದಳು.

ಮುದುಕಪ್ಪ!

ಎಷ್ಟು ಹೊತ್ತು ನಿಂತೆನೋ. ಮೊದಲು ಕಂಡದ್ದು ಕಣ್ಣು. ರೆಪ್ಪೆಯ ಅಂಚಿನಲ್ಲಿ ವಯಸ್ಸಾದವರಿಗೆ ಇರುವ ತೇವ, ಅದರ ಪಕ್ಕ ಕೆಂಪು ನರದ ಒಂದು ಎಳೆ. ನನ್ನ ರದ್ದಿ ಹಾಳೆಯಲ್ಲಿ ಅದು ಮಸಿಯ ಚುಕ್ಕೆಯಾಗಿತ್ತು, ನಾನು ಚುಕ್ಕೆಯನ್ನೇ ಬರೆದಿದ್ದೆ. ನಲವತ್ತು ವರ್ಷ ನಮ್ಮ ಪಡಸಾಲೆಯಲ್ಲಿ ಅವನು ಸಿಡುಕಿನಿಂದ ನೋಡುತ್ತಿದ್ದ. ಇಲ್ಲಿ ನೋಡಿದರೆ ಅವನ ಮುಖದಲ್ಲಿ ಸಿಡುಕೇ ಇಲ್ಲ, ಬಹಳ ಕಂಡು ದಣಿದವನ ಶಾಂತಿಯಿದೆ. ಕೈ ಬರೀ ಎದೆಯ ಮೇಲಿಲ್ಲ, ನಿಲುವಂಗಿಯೊಳಗಿನ ಉಸಿರಿನ ಮೇಲೆ ಕೂತಿದೆ. ಕೊರಳಪಟ್ಟಿಯ ನಿರಿಗೆಗಳನ್ನು ನಾನು ಸ್ಕೇಲು ಹಿಡಿದವನ ಹಾಗೆ ಒಂದೊಂದಾಗಿ ಎಳೆದಿದ್ದೆ. ಹತ್ತಿರ ಹೋಗಿ ನೋಡುತ್ತೇನೆ: ಬೆಳಕು ಬೀಳುವ ಕಡೆ ಬಿಳಿ ಬಣ್ಣವನ್ನು ದಪ್ಪಗೆ ಇಟ್ಟು ಎಳೆದಿದ್ದಾನೆ, ನೆರಳಿನ ಕಡೆ ಬೂದಿಯನ್ನು ತೇಲಿಸಿ ಬಿಟ್ಟಿದ್ದಾನೆ. ಹತ್ತು ಹೆಜ್ಜೆ ಹಿಂದೆ ಸರಿದರೆ ನಿರಿಗೆ ನಿರಿಗೆಯೂ ತಾನೇ ಎದ್ದು ನಿಲ್ಲುತ್ತದೆ.

“ಆಯಿ ಇದ್ದಿದ್ರ ಏನಂತಿದ್ಲು ಅಪ್ಪಾ?” ಮಗಳು ಕೇಳಿದಳು. ನನಗೆ ಮಾತು ಹೊರಡಲಿಲ್ಲ. ಸ್ವಲ್ಪ ಹೊತ್ತಿಗೆ ಅವಳೇ ನಕ್ಕು ಹೇಳಿದಳು, ಈ ಕೊರಳಪಟ್ಟಿಗೆ ಡಚ್ ಭಾಷೆಯಲ್ಲಿ ‘ಬೀಸುಕಲ್ಲಿನ ಪಟ್ಟಿ’ ಎನ್ನುತ್ತಾರಂತೆ. ನೋಡಿ! ಗಂಜಿ ಹಾಕಿ ಬಿರುಸು ಮಾಡಿದ ಈ ಬಟ್ಟೆಯನ್ನು ಕಂಡು ಅಲ್ಲಿಯ ಹೆಂಗಸರಿಗೆ ಬೀಸುಕಲ್ಲು ನೆನಪಾಯಿತು, ತಿರ್ಲಾಪುರದ ಆಯಿಗೆ ಹಪ್ಪಳ. ಎರಡೂ ಅಡಿಗೆ ಮನೆಯವೇ.

ಅದೇ ಮಹಡಿಯಲ್ಲಿ ಬಟ್ಟೆಯ ಗುಣ ಪರೀಕ್ಷಿಸುವ ಐವರು ಅಧಿಕಾರಿಗಳ ಚಿತ್ರವಿದೆ, 1662ರದು. ಯಾರೋ ಒಳಗೆ ಬಂದ ಹಾಗೆ ಎಲ್ಲರೂ ತಲೆಯೆತ್ತಿ ನೋಡುತ್ತಿದ್ದಾರೆ. ನನ್ನ ಕಣ್ಣು ಹೋದದ್ದು ಅವರ ಮುಂದಿನ ಮೇಜಿನ ಮೇಲೆ ಹಾಸಿದ ಕೆಂಪು ರತ್ನಗಂಬಳಿಯ ಕಡೆ. ಪೂರ್ವದೇಶಗಳಿಂದ ಬರುತ್ತಿದ್ದ ಇಂಥ ಗಂಬಳಿ ನೆಲಕ್ಕೆ ಹಾಸಲಾರದಷ್ಟು ದುಬಾರಿ, ಅದಕ್ಕೇ ಮೇಜಿಗೆ ಹೊದಿಸುತ್ತಿದ್ದರು. ನವಲಗುಂದದ ಜಮಖಾನೆ ನೆನಪಾಯಿತು. ನಮ್ಮ ತಾಲೂಕಿನ ಮುಸ್ಲಿಂ ಹೆಣ್ಣುಮಕ್ಕಳು ಮನೆಯ ಮಗ್ಗದಲ್ಲಿ ನವಿಲು ಮೂಡಿಸಿ ನೇಯುವ ಜಮಖಾನೆ. ಅವರ ಹಿರಿಯರು ವಿಜಾಪುರದಿಂದ ಬಂದವರು ಎಂದು ಅವರ ಮನೆಗಳಲ್ಲಿ ಹೇಳುತ್ತಾರೆ. ನಾವು ಅದರ ಮೇಲೆ ಕೂತು ಬೀಗರ ಜೊತೆ ಮದುವೆಯ ಮಾತು ಮುಗಿಸಿ, ಝಾಡಿಸಿ, ಮಡಚಿ ಇಡುತ್ತೇವೆ. ಭೌಗೋಳಿಕ ಗುರುತಿನ ಮಾನ್ಯತೆಯೇನೋ ಸಿಕ್ಕಿದೆ. ನೇಯುವ ಕೈಗಳು ಮಾತ್ರ ಬೆರಳೆಣಿಕೆಗೆ ಇಳಿದಿವೆ.

ಎಲ್ಲರೂ ಓಡುವುದು ‘ರಾತ್ರಿ ಪಹರೆ’ಯ ಕಡೆಗೆ. ಗೋಡೆಯಷ್ಟು ದೊಡ್ಡ ಚಿತ್ರ, ಸುತ್ತ ಗಾಜಿನ ಕೋಣೆ, ಒಳಗೆ ಸಂರಕ್ಷಣೆಯವರ ಉಪಕರಣ. 1642ರ ಈ ಚಿತ್ರವನ್ನು 1715ರಲ್ಲಿ ನಗರಸಭಾ ಭವನಕ್ಕೆ ಸಾಗಿಸಿದಾಗ ಗೋಡೆಗೆ ಹಿಡಿಸಲಿಲ್ಲವೆಂದು ನಾಲ್ಕೂ ಕಡೆ ಕತ್ತರಿಸಿದರು. ಎಡಗಡೆಯಂತೂ ಸುಮಾರು 60 ಸೆಂಟಿಮೀಟರ್. ಕತ್ತರಿಸಿದ ತುಂಡುಗಳು ಮತ್ತೆ ಸಿಗಲಿಲ್ಲ. ಅಲ್ಲಿ ಏನಿತ್ತು ಎಂದು ಇಂದು ನಮಗೆ ಹೇಗೆ ಗೊತ್ತು? ಚಿತ್ರ ಇಡಿಯಾಗಿದ್ದಾಗಲೇ ಗೆರಿಟ್ ಲುಂಡೆನ್ಸ್ ಎಂಬ ಕಲಾವಿದ ಅದರ ಎದುರು ಕೂತು, ನಮ್ಮ ಮನೆಯ ಕಿಟಕಿಯಷ್ಟು ಗಾತ್ರದಲ್ಲಿ, ಕೈಯಿಂದ ಒಂದು ನಕಲು ಮಾಡಿದ್ದ. 2021ರಲ್ಲಿ ಆ ನಕಲನ್ನೇ ಆಧಾರವಾಗಿಟ್ಟುಕೊಂಡು, ಕಂಪ್ಯೂಟರಿನ ನೆರವಿನಿಂದ ಕಳೆದ ಅಂಚುಗಳನ್ನು ಮರಳಿ ಮುದ್ರಿಸಿ ಕೆಲವು ತಿಂಗಳು ಮೂಲದ ಪಕ್ಕಕ್ಕೆ ಜೋಡಿಸಿ ತೋರಿಸಿದರಂತೆ. ಮೂಲ ಕಳೆದುಕೊಂಡದ್ದನ್ನು ನಕಲು ಕಾಪಾಡಿಕೊಂಡಿತ್ತು. ಗಾಜಿನ ಹೊರಗೆ ನಿಂತು ನಾನು ಆ ಲುಂಡೆನ್ಸನಿಗೆ ಮನಸ್ಸಿನಲ್ಲೇ ಕೈ ಮುಗಿದೆ.

ಹೇಗ್ ನಗರದಲ್ಲಿ ಕಳೆದದ್ದು ಅರ್ಧ ದಿನ, ಅದರಲ್ಲೂ ಮಳೆ. ಅಲ್ಲಿಯ ಮ್ಯೂಸಿಯಮ್ಮಿನಲ್ಲಿ ಕಂಡ ‘ಮುತ್ತಿನ ಓಲೆಯ ಹುಡುಗಿ’ ಇಷ್ಟು ಪುಟ್ಟವಳೇ! ಶಾಲೆಯ ಪಾಟಿಗಿಂತ ತುಸು ದೊಡ್ಡ ಚಿತ್ರ. 1881ರ ಹರಾಜಿನಲ್ಲಿ ಅದರ ಬೆಲೆ 2 ಗಿಲ್ಡರ್, ಮೇಲೆ 30 ಸೆಂಟ್ ದಸ್ತೂರಿ. ಅದೇ ಸಂಗ್ರಹದಲ್ಲಿ ಕೊರಳಿಗೆ ಲೋಹದ ಕವಚ ಕಟ್ಟಿದ ತರುಣ ರೆಂಬ್ರಾಂಟನ ಚಿತ್ರವಿದೆ. ಬಹುಕಾಲ ಅದನ್ನೇ ಮೂಲವೆಂದೂ ಜರ್ಮನಿಯ ನ್ಯೂರೆಂಬರ್ಗಿನಲ್ಲಿರುವುದನ್ನು ನಕಲೆಂದೂ ನಂಬಿದ್ದರು. ಬಣ್ಣದ ಕೆಳಗೆ ಕಿರಣ ಹಾಯಿಸಿ ನೋಡಿದರೆ ಇಲ್ಲಿಯದರಲ್ಲೇ ನಕಲು ಮಾಡುವವರು ಮೊದಲು ಎಳೆದುಕೊಳ್ಳುವ ಜಾಗರೂಕ ರೇಖೆ! ಮೂಲ ನ್ಯೂರೆಂಬರ್ಗಿನದು. ಆ ನಕಲನ್ನು ಎಳೆದವನ ಕೈ ಎಂಥದಿರಬೇಕು.

ಹಾರ್ಲೆಮ್ಮಿಗೆ ರೈಲಿನಲ್ಲಿ ಕಾಲು ಗಂಟೆ. ಫ್ರಾನ್ಸ್ ಹಾಲ್ಸನ ಚಿತ್ರಗಳಿರುವುದು ಹಿಂದೆ ದಿಕ್ಕಿಲ್ಲದ ಮುದುಕರಿಗೆ ಆಶ್ರಯವಾಗಿದ್ದ ಕಟ್ಟಡದಲ್ಲಿ. ಎಂಬತ್ತು ದಾಟಿದ ಮೇಲೆ, 1664ರಲ್ಲಿ, ಅವನು ಬರೆದ ವೃದ್ಧಾಶ್ರಮದ ಮೇಲ್ವಿಚಾರಕಿಯರ ಚಿತ್ರದ ಮುಂದೆ ಕೂತೆ. ಕತ್ತಲು, ನಾಲ್ಕು ಜನ ಹೆಂಗಸರು, ಒಬ್ಬ ಕೆಲಸದವಳು. ಕಪ್ಪು ಎಂದರೆ ಒಂದೇ ಬಣ್ಣ ಎಂದುಕೊಂಡವನು ನಾನು. ಮುದುಕಪ್ಪನ ನಿಲುವಂಗಿಗೆ ಒಂದೇ ಟ್ಯೂಬು ಹಿಂಡಿ ಬಳಿದಿದ್ದೆ. ಇಲ್ಲಿ ನೋಡುತ್ತ ಕೂತರೆ ಕಪ್ಪಿನೊಳಗೆ ಕಪ್ಪು ಬಿಚ್ಚಿಕೊಳ್ಳುತ್ತದೆ: ಹದ ಮಳೆಯಾದ ಮರುದಿನದ ಯರಿ ಮಣ್ಣಿನ ಕಪ್ಪು, ಬಿಸಿಲಿಗೆ ಬಿರಿದ ಯರಿಯ ಬೂದುಗಪ್ಪು, ಎಮ್ಮೆಯ ಮೈಯ ಕಂದುಗಪ್ಪು, ಇಳಕಲ್ ಸೀರೆಯ ಚಂದ್ರಕಾಳಿಯ ಮಿನುಗುಗಪ್ಪು. ಹಾಲ್ಸನ ಬಳಿ ಇಪ್ಪತ್ತೇಳು ಕಪ್ಪುಗಳಿರಬೇಕು ಎಂದು ವ್ಯಾನ್ ಗೋ ತಮ್ಮನಿಗೆ ಬರೆದಿದ್ದನಂತೆ. ನವಲಗುಂದದ ರೈತನೂ ಅಷ್ಟು ಕಪ್ಪುಗಳನ್ನು ತನ್ನ ಹೊಲದಲ್ಲೇ ಎಣಿಸಿಯಾನು.

ಈ ಹಾರ್ಲೆಮ್ಮಿಗೂ ನಮಗೂ ಒಂದು ನಂಟಿದೆ. ಕೊರ್ನೆಲಿಸ್ ಹೇಡಾ ಎಂಬ ಚಿತ್ರಕಾರ ಇದೇ ಊರಿನವನು. ಪ್ರಾಗಿನಲ್ಲಿ ಚಕ್ರವರ್ತಿ ಎರಡನೇ ರುಡಾಲ್ಫನ ಆಶ್ರಯದಲ್ಲಿದ್ದು, ಅಲ್ಲಿಂದ ಪರ್ಷಿಯಾದ ಕಡೆ ಹೊರಟವನು, ಹದಿನೇಳನೆಯ ಶತಮಾನದ ಮೊದಲ ದಶಕಗಳಲ್ಲಿ ಬಂದು ನೆಲೆ ನಿಂತದ್ದು ವಿಜಾಪುರದಲ್ಲಿ! ಸಂಗೀತಕ್ಕೆ, ಸರಸ್ವತಿಗೆ ಮನಸೋತ ಎರಡನೇ ಇಬ್ರಾಹಿಂ ಆದಿಲಶಾಹನ ಆಸ್ಥಾನದಲ್ಲಿ. 1573ರಿಂದ ಧಾರವಾಡದ ಕೋಟೆಯೂ ವಿಜಾಪುರದ ಕೈಯಲ್ಲಿತ್ತು. ಎಂದರೆ ರೆಂಬ್ರಾಂಟ್ ಇನ್ನೂ ಕುಂಚ ಹಿಡಿಯುವ ಮೊದಲೇ ಡಚ್ ಎಣ್ಣೆಬಣ್ಣ ನಮ್ಮ ದೊರೆಯ ಅರಮನೆಗೆ ಬಂದು ಮುಟ್ಟಿತ್ತು. ಅಗಸಿ ಎಣ್ಣೆಯನ್ನು ಅವನು ವಿಜಾಪುರದ ಯಾವ ಗಾಣದಲ್ಲಿ ತೆಗೆಸಿಕೊಂಡನೋ ಎಂಬ ಯೋಚನೆ ಆ ರಾತ್ರಿ ನನಗೆ ನಿದ್ದೆ ಕೊಡಲಿಲ್ಲ.

ಊರಿಗೆ ಬಂದು ಎಂಟು ದಿನಕ್ಕೆ ವಿಜಾಪುರದ ಬಸ್ಸು ಹತ್ತಿದೆ. ನವಲಗುಂದ, ನರಗುಂದ ದಾಟಿ, ಮಲಪ್ರಭೆ, ಘಟಪ್ರಭೆ, ಕೃಷ್ಣೆ. ಮೇ ತಿಂಗಳ ಬಿಸಿಲು, ಸೀಟಿನ ಕಬ್ಬಿಣ ಮುಟ್ಟಿದರೆ ಚುರ್ ಎನ್ನುತ್ತದೆ. ಹಾಲೆಂಡಿನ ಗಾಳಿಯನ್ನು ಒಂದು ಚೀಲದಲ್ಲಿ ತರಬೇಕಿತ್ತು ಅನಿಸಿತು. ಅಸಾರ ಮಹಲಿನ ಮುಂದಿನ ಹೊಂಡ, ತೇಗದ ಎತ್ತರದ ಕಂಬಗಳನ್ನು ನೋಡಿಕೊಂಡು, ಮರುದಿನ ಬೆಳಿಗ್ಗೆ ಊರಿನಿಂದ ಪೂರ್ವಕ್ಕೆ ಕುಮಟಗಿಗೆ ಹೋದೆ. ಕೆರೆಯ ದಂಡೆಯ ಮೇಲೆ ಆದಿಲಶಾಹಿಗಳ ವಿಹಾರದ ಜಲಮಂಟಪಗಳು. ಒಂದರ ಒಳಗೋಡೆಯಲ್ಲಿ ಚೌಗಾನ್ ಆಡುವ ಕುದುರೆ ಸವಾರರು, ಕುಸ್ತಿಯವರು, ಪರದೇಶದ ಉಡುಪಿನವರು ಇದ್ದರೆಂದು ಶತಮಾನದ ಹಿಂದೆ ಹೆನ್ರಿ ಕಸಿನ್ಸ್ ದಾಖಲಿಸಿದ್ದಾನೆ. ಹೇಡಾನ ಕೈಗೂ ಇವಕ್ಕೂ ನಂಟು ಹಚ್ಚುವ ಧೈರ್ಯ ನನಗಿಲ್ಲ. ಆದರೂ ಡಚ್ಚನೊಬ್ಬ ನಡೆದಾಡಿದ ಕಾಲದ ಬಣ್ಣ ಕಾಣಬೇಕೆಂಬ ಆಸೆ.

ಒಳಗೆ ಮಬ್ಬು. ಮಸಿ, ಸುಣ್ಣ, ಮೊಳೆಯಿಂದ ಕೊರೆದ ಪ್ರೇಮಿಗಳ ಹೆಸರು. ಲುಂಡೆನ್ಸನಂಥವನು ಒಬ್ಬ ಇಲ್ಲಿ ಬಣ್ಣ ಹಸಿಯಾಗಿದ್ದಾಗಲೇ ಬಂದು ಕೂತಿರಬೇಕಿತ್ತು. ಕಣ್ಣು ಹೊಂದಿಕೊಂಡ ಮೇಲೆ ಕೆಮ್ಮಣ್ಣಿನ ಬಣ್ಣದ ಒಂದು ಗೆರೆ ಕಂಡಿತು. ಅದರ ಬೆನ್ನು ಹಿಡಿದು ಹೋದರೆ ಇನ್ನೊಂದು. ಮಡಚಿದ ಕಾಲು, ಗೊರಸು. ಕುದುರೆ! ಚೀಲದಿಂದ ಹಾಳೆ ತೆಗೆದು ಚೌಕ ಹಾಕಿಕೊಂಡೆ.

ಅರ್ಧ ತಾಸಿಗೆ ಕುರಿ ಕಾಯುವ ಹುಡುಗನೊಬ್ಬ ನೆರಳಿಗೆಂದು ಒಳಗೆ ಬಂದ. ಹೆಗಲ ಮೇಲಿನ ಕೋಲನ್ನು ಗೋಡೆಗೆ ಆನಿಸಿ, ನನ್ನ ಹಾಳೆಯನ್ನೂ ಗೋಡೆಯನ್ನೂ ಎರಡು ಮೂರು ಸಲ ನೋಡಿದ.

“ಕಾಲು ಬರದೀರಿ, ಕಿವಿ ಬಿಟ್ಟೀರಲ್ರಿ ಯಜ್ಜಾ.”

“ಕಿವಿ ಎಲ್ಲೈತೋ ತಮ್ಮಾ?”

ಅವನು ಹತ್ತಿರ ಹೋಗಿ, ಮುಟ್ಟದೆ, ಬೆರಳನ್ನು ಗಾಳಿಯಲ್ಲೇ ಹಿಡಿದು ತೋರಿಸಿದ. ಅಲ್ಲಿತ್ತು, ಮುಂದಕ್ಕೆ ಬಾಗಿದ ಚೂಪು ಕಿವಿ, ಅದರ ಪಕ್ಕದಲ್ಲಿ ಗಾಳಿಗೆ ಹಾರಿದ ಜೂಲಿನ ಮೂರು ಕೂದಲು. ಪೆನ್ಸಿಲ್ ಚೂಪು ಮಾಡಿಕೊಂಡೆ. ಹುಡುಗ ಕುರಿಗಳ ಕಡೆ ಒಂದು ಕಣ್ಣಿಟ್ಟು, ಪಕ್ಕದಲ್ಲೇ ಕುಕ್ಕರಗಾಲಿನಲ್ಲಿ ಕೂತ.